ಎಲ್ಲರೂ ಉಸಿರಾಡುವ ಗಾಳಿ

ಸೈರನ್ ತನ್ನ ವಿರುದ್ಧ ಸಾಕ್ಷಿ ಹೇಳಲು ಒಪ್ಪಿದ್ದಾನೆ ಎಂಬುದನ್ನು ಸುರಕ್ಷತಾ ಅಧಿಕಾರಿ ಹೇಗೋ ಸಹಿಸಿಕೊಳ್ಳುತ್ತಿದ್ದ. ಸಹಿಸಲಾಗದೆ ಹೋದದ್ದು, ಸೈರನ್ ಅದನ್ನು ಖುದ್ದಾಗಿ ಹೇಳಿದ ರೀತಿ. ಮೂಗಿಗೆ ಕಂಪನಿ ಕೊಟ್ಟ ಆಕ್ಸಿಜನ್ನಿನ ಕೊಳವೆ ಸಿಕ್ಕಿಸಿಕೊಂಡು, ಗೋಡೆಗೆ ಆನಿಸಿದ ಮೂರು ದಿಂಬುಗಳ ಮೇಲೆ ಅರ್ಧ ಕೂತು ಅರ್ಧ ಮಲಗಿ, ಎರಡು ಮಾತಿಗೊಮ್ಮೆ ನಿಂತು ಉಸಿರು ಹೆಕ್ಕಿಕೊಳ್ಳುತ್ತ, ಅವನು ಕೈ ಮುಗಿದಿದ್ದ.

"ಬೇಜಾರು ಮಾಡ್ಕೋಬೇಡಿ ಸಾಹೇಬ್ರೆ. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಕೇಳ್ತಾರೆ. ಇದ್ದದ್ದು ಹೇಳ್ತೀನಿ. ಅಷ್ಟೆ."

ಮನೆಗೆ ಬರುವ ದಾರಿಯುದ್ದಕ್ಕೂ ಅಧಿಕಾರಿಗೆ ಮೈ ಉರಿಯುತ್ತಿತ್ತು. ಬೈದಿದ್ದರೆ ಕೊಡವಿಕೊಂಡು ಬರಬಹುದಿತ್ತು. ಶಾಪ ಹಾಕಿದ್ದರೂ ಸರಿಯೇ. ತನ್ನನ್ನು ಜೈಲಿಗೆ ಕಳಿಸಲು ಹೊರಟವನು ತನಗೇ ಸಮಾಧಾನ ಹೇಳುವುದೆಂದರೇನು? ಆ ಆಕ್ಸಿಜನ್ ಕೊಡಿಸಿದವನು ಯಾರು? ಕಾರ್ಖಾನೆಯ ಯಜಮಾನರ ಮುಂದೆ ನಿಂತು 'ಮಾನವೀಯತೆಯ ದೃಷ್ಟಿಯಿಂದ' ಎಂದು ಟಿಪ್ಪಣಿ ಬರೆದು, ಏಳು ತಿಂಗಳಿಂದ ಒಂದು ಸರದಿಯೂ ತಪ್ಪದಂತೆ ಸಿಲಿಂಡರ್ ಕಳಿಸಿದವನು ಅವನೇ. ಉಸಿರು ಕೊಟ್ಟವನ ಮೇಲೆ ಬಾಯಿ ತೆರೆಯುವ ಧೈರ್ಯ ಯಾರಿಗೂ ಬರದು ಎಂದು ಎಣಿಸಿದ್ದ. ಈ ಮನುಷ್ಯ ಕೊಟ್ಟ ಉಸಿರನ್ನು ಎಳೆದುಕೊಂಡೇ ಬಾಯಿ ತೆರೆಯಲು ಹೊರಟಿದ್ದ.

ಅದು ಬೆಣಚುಕಲ್ಲನ್ನು ಅರೆದು ಪುಡಿ ಮಾಡುವ ಕಾರ್ಖಾನೆ. ಒಂದು ತುದಿಯಲ್ಲಿ ಲಾರಿಯಿಂದ ಇಳಿದ ಕಲ್ಲು ಮೂರು ಗಿರಣಿಗಳನ್ನು ದಾಟಿ, ಇನ್ನೊಂದು ತುದಿಯಲ್ಲಿ ಮುಖಕ್ಕೆ ಬಳಿಯುವ ಪೌಡರಿನಷ್ಟು ನುಣುಪಾಗಿ ಚೀಲ ಸೇರುತ್ತಿತ್ತು. ಗಾಜಿನವರು ಒಂದಷ್ಟು ಒಯ್ಯುತ್ತಿದ್ದರು, ಪಿಂಗಾಣಿಯವರು ಒಂದಷ್ಟು ಒಯ್ಯುತ್ತಿದ್ದರು, ಮಿಕ್ಕಿದ್ದನ್ನು ಕೆಲಸಗಾರರು ಎದೆಯೊಳಗೆ ಇಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. "ಬೆಳಗ್ಗೆ ಗಂಡನ್ನ ಕಳಿಸ್ತೀನಿ, ಸಂಜೆ ತಾತ ವಾಪಸ್ ಬರ್ತಾರೆ" ಎಂದು ಕೆಲಸಗಾರರ ಸಾಲುಮನೆಗಳ ಹೆಂಗಸರು ಬಿಳಿ ತಲೆಯ, ಬಿಳಿ ಹುಬ್ಬಿನ ಗಂಡಂದಿರನ್ನು ನೋಡಿ ನಗುತ್ತಿದ್ದ ಕಾಲವೊಂದಿತ್ತು. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ನಲವತ್ತಕ್ಕೆಲ್ಲ ಗಂಡಸರು ಮೆಟ್ಟಿಲು ಹತ್ತಲಾರದೆ ಕೂತರು. ಗಿರಣಿಯವರಲ್ಲೇ ಒಂಬತ್ತು ಜನ ಹೋದರು. ಕಾಗದದ ಮೇಲೆ ಒಬ್ಬನದು ಕ್ಷಯ, ಇನ್ನೊಬ್ಬನದು ಬೀಡಿ, ಮತ್ತೊಬ್ಬನದು ಹುಟ್ಟಿನಿಂದ ಬಂದ ಉಬ್ಬಸ.

ಸೈರನ್ ಎಂಬುದು ಕಾರ್ಖಾನೆ ಕೊಟ್ಟ ಹೆಸರು. ಹಿಂದೊಮ್ಮೆ ಪಾಳಿ ಬದಲಾಗುವುದನ್ನು ಸಾರುವ ವಿದ್ಯುತ್ ಸೈರನ್ ಕೆಟ್ಟು ಮೂರು ವಾರ ರಿಪೇರಿಯಾಗದೆ ಬಿದ್ದಿತ್ತು. ಅಷ್ಟೂ ದಿನ ಅವನು ಗೇಟಿನ ಕಂಬ ಹತ್ತಿ ಕೂಗಿದ. ಆ ಕೂಗು ಗಿರಣಿಗಳ ಗದ್ದಲವನ್ನು ಸೀಳಿಕೊಂಡು ಕೊನೆಯ ಸಾಲಿನ ಮನೆಗೂ ಕೇಳುತ್ತಿತ್ತು. ಯಂತ್ರಕ್ಕಿಂತ ಇವನೇ ವಾಸಿ, ಕೆಡೋದಿಲ್ಲ ಎಂದು ಜನ ನಕ್ಕಿದ್ದರು. ಈಗ ಅವನು ನೀರು ಕೇಳಿದರೆ ಪಕ್ಕದಲ್ಲಿ ಕೂತವರೂ ತುಟಿ ನೋಡಿ ತಿಳಿದುಕೊಳ್ಳಬೇಕಿತ್ತು.

ಗಿರಣಿಯ ಕೆಲಸದ ಜೊತೆಗೆ ಅವನಿಗೆ ಇನ್ನೊಂದು ಹೊಣೆಯಿತ್ತು. ತಿಂಗಳಿಗೊಮ್ಮೆ ಧೂಳು ಅಳೆಯುವ ಯಂತ್ರವನ್ನು ಹೊತ್ತೊಯ್ದು ತೂಗುಹಾಕುವುದು. ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ ಅದು. ನಿಯಮದ ಪ್ರಕಾರ ಎರಡನೇ ಮತ್ತು ಮೂರನೇ ಗಿರಣಿಯ ನಡುವೆ, ಮನುಷ್ಯನ ಮೂಗಿನ ಎತ್ತರದಲ್ಲಿ, ಒಂದು ಇಡೀ ಪಾಳಿ ತೂಗಾಡಬೇಕು. ಹನ್ನೊಂದು ವರ್ಷ ಅದು ತೂಗಾಡಿದ್ದು ಅತಿಥಿಗೃಹದ ವರಾಂಡದಲ್ಲಿ, ಹೂಕುಂಡಗಳ ಹಿಂದಿನ ಒಂದು ಮೊಳೆಗೆ. ಅಲ್ಲಿ ಹಾಕು ಎಂದು ಹೇಳಿದವನು ಸುರಕ್ಷತಾ ಅಧಿಕಾರಿ. ಮೊಳೆ ಹೊಡೆದವನು ಸೈರನ್. ಹನ್ನೊಂದು ವರ್ಷದ ವರದಿಗಳಲ್ಲಿ ಆ ಕಾರ್ಖಾನೆಯ ಗಾಳಿ ಯಾವುದೋ ಬೆಟ್ಟದ ತುದಿಯ ಗಾಳಿಯಷ್ಟು ತಿಳಿಯಾಗಿತ್ತು. ಎರಡು ಸಲ ಪ್ರಶಸ್ತಿ ಬಂತು. ಎರಡೂ ಫಲಕಗಳು ಅಧಿಕಾರಿಯ ಕೋಣೆಯಲ್ಲಿ ತೂಗುತ್ತಿದ್ದವು, ಅವುಗಳ ಮೇಲೆ ಧೂಳು ಕೂರದಂತೆ ದಿನವೂ ಒರೆಸಲಾಗುತ್ತಿತ್ತು.

ಸತ್ತವರ ಹೆಂಡಂದಿರು ಒಟ್ಟಾಗಿ ದೂರು ಕೊಟ್ಟಾಗಲೂ ಅವನು ಬೆಚ್ಚಲಿಲ್ಲ. ಕಾಗದದ ಮುಂದೆ ಅಳು ನಿಲ್ಲುವುದಿಲ್ಲ ಎಂಬುದು ಅವನ ಅನುಭವ. ಆದರೆ ಹೊಸದಾಗಿ ಬಂದ ವಿಚಾರಣಾಧಿಕಾರಿ ಕಡಿಮೆ ಮಾತಿನ ಹೆಂಗಸು. ಆಕೆ ಕಾಗದಗಳನ್ನೆಲ್ಲ ಓದಿ ಮುಗಿಸಿ, ಯಂತ್ರವನ್ನು ಎಲ್ಲಿ ತೂಗುಹಾಕುತ್ತಿದ್ದರು ಎಂಬ ಒಂದೇ ಒಂದು ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿದ್ದವನು ಭೂಮಿಯ ಮೇಲೆ ಅಧಿಕಾರಿಯನ್ನು ಬಿಟ್ಟರೆ ಒಬ್ಬನೇ. ಅವನಿಗೆ ನಡೆಯಲಾಗುವುದಿಲ್ಲ ಎಂದಾಗ, ತಾನೇ ಅವನ ಮನೆಗೆ ಬರುತ್ತೇನೆ ಎಂದಳು. ಇಪ್ಪತ್ತೊಂದನೇ ತಾರೀಖು, ಬೆಳಗ್ಗೆ ಹನ್ನೊಂದು ಗಂಟೆ.

ಯಜಮಾನರು ಈ ಸುದ್ದಿಯನ್ನು ಬೇರೇನೋ ಓದುತ್ತಲೇ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು, ಬಹಳ ಮೃದುವಾಗಿ, "ವರದಿಗಳ ಮೇಲೆ ಸಹಿ ನಿಮ್ದೇ ತಾನೆ?" ಎಂದರು. ಅಷ್ಟರಲ್ಲಿ ಎಲ್ಲ ಮುಗಿದುಹೋಯಿತು. ಕಂಪನಿ ಬೇರೆ, ತಾನು ಬೇರೆ ಎಂಬುದು ಅಧಿಕಾರಿಗೆ ಆ ಕ್ಷಣ ಮನದಟ್ಟಾಯಿತು. ಜೈಲಿಗೆ ಹೋಗುವುದಾದರೆ ಒಬ್ಬನೇ ಹೋಗಬೇಕು.

ಅವನು ಗಡಿಬಿಡಿಯ ಮನುಷ್ಯನಲ್ಲ. ಮನೆ ಕಟ್ಟಿಸುವ ಮೊದಲು ಒಂದು ವರ್ಷ ಗಾಳಿ ಬೀಸುವ ದಿಕ್ಕನ್ನು ಗಮನಿಸಿ, ಕಾರ್ಖಾನೆಯ ಗಾಳಿ ಯಾವ ತಿಂಗಳಲ್ಲೂ ತಲುಪದ ಜಾಗವನ್ನು ಹುಡುಕಿದವನು. ಹಾಗೆಯೇ ಈಗಲೂ ಮೂರು ದಿನ ಸುಮ್ಮನೆ ಯೋಚಿಸಿದ. ಕಾರ್ಖಾನೆಯ ವೈದ್ಯರು ಸೈರನ್‌ಗೆ ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಎಂದಿದ್ದರು. ಅಂದಮೇಲೆ ತಾನು ಮಾಡಬೇಕಾದದ್ದು ಸಾವನ್ನು ತರುವ ಕೆಲಸವೇ ಅಲ್ಲ. ಸಾವು ಆಗಲೇ ಹೊರಟು ಅರ್ಧ ದಾರಿಯಲ್ಲಿತ್ತು. ತಾರೀಖನ್ನು ಸ್ವಲ್ಪ ತಿದ್ದಿದರೆ ಸಾಕು. ತಾರೀಖು ತಿದ್ದುವುದು ಅವನಿಗೆ ಹೊಸತಲ್ಲ.

ವಿಷ ಎಂಬುದನ್ನು ಅವನು ಮೊದಲ ದಿನವೇ ತಳ್ಳಿಹಾಕಿದ. ವಿಷವನ್ನು ಎಲ್ಲಿಂದಲೋ ತರಬೇಕು, ತಂದದ್ದು ಯಾರಿಗೋ ಗೊತ್ತಿರುತ್ತದೆ, ಮೈಯಲ್ಲಿ ಅದು ಉಳಿಯುತ್ತದೆ. ದಿಂಬು ಒತ್ತುವುದು ಸಿನಿಮಾದವರ ಕೆಲಸ. ಅದಕ್ಕೆ ಒಂಟಿ ಕೋಣೆ ಬೇಕು, ಸೈರನ್ನಿನ ಹೆಂಡತಿ ಗಂಡನನ್ನು ಬಿಟ್ಟು ಕದಲುವವಳಲ್ಲ. ಎರಡನೇ ದಿನ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹಾಯಾಗಿ ಒಂದು ದೀರ್ಘ ಉಸಿರು ಎಳೆದಾಗ ಅವನಿಗೆ ಉತ್ತರ ಹೊಳೆಯಿತು. ಸೈರನ್ ಬದುಕಿದ್ದುದು ಸಿಲಿಂಡರಿನೊಳಗಿನ ಅಪ್ಪಟ ಆಕ್ಸಿಜನ್ನಿನಿಂದ. ಅವನನ್ನು ಕೊಲ್ಲಲು ವಿಷ ಯಾಕೆ? ಎಲ್ಲರೂ ಉಸಿರಾಡುವ ಗಾಳಿ ಸಾಕು.

ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು. ಎಂಥ ಶುದ್ಧವಾದ ಉಪಾಯ. ಸಿಲಿಂಡರಿನಲ್ಲಿ ಮಾಮೂಲಿ ಗಾಳಿ ತುಂಬಿಸಿ ಕಳಿಸಿದರೆ ಆಯಿತು. ಅದನ್ನು ಎಳೆದುಕೊಂಡು ಯಾರೂ ಸಾಯುವುದಿಲ್ಲ, ಸೈರನ್ ಒಬ್ಬನನ್ನು ಬಿಟ್ಟು. ರಕ್ತ ತೆಗೆದು ನೋಡಿದರೂ ಏನು ಸಿಕ್ಕೀತು? ಗಾಳಿ. ಗಾಳಿ ಕೊಟ್ಟು ಕೊಂದ ಎಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು.

ಮಾರನೆಯ ದಿನ ವೈದ್ಯರ ಕೋಣೆಗೆ ಹೋಗಿ, ಆಕ್ಸಿಜನ್ ಸರಬರಾಜು ಎಲ್ಲಾದರೂ ತಡವಾದರೆ ಏನು ಗತಿ ಎಂದು ಕಾಳಜಿಯಿಂದ ವಿಚಾರಿಸಿದ. ಅವನಿಗೆ ಅರ್ಧ ದಿನವೂ ತಡೆಯೋಲ್ಲ, ಎದೆ ಅಷ್ಟು ಕಲ್ಲಾಗಿದೆ ಎಂದರು ವೈದ್ಯರು. ಹಾಗಾದರೆ ಯಾವಾಗಲೂ ಒಂದು ಸಿಲಿಂಡರ್ ಹೆಚ್ಚಿಗೆ ಇರಲಿ ಎಂದು ಅಧಿಕಾರಿ ಅವರೆದುರಿಗೇ ಕಡತದಲ್ಲಿ ಬರೆದ. ನಾಳೆ ಯಾರಾದರೂ ಆ ಕಡತ ತೆರೆದರೆ ಅವನ ಕಾಳಜಿಯೇ ಕಣ್ಣಿಗೆ ಬೀಳಬೇಕು. ಜೊತೆಗೆ ಅದರಿಂದ ಇನ್ನೊಂದು ಅನುಕೂಲವಿತ್ತು. ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಹೆಂಡತಿ ಇನ್ನೊಂದಕ್ಕೆ ಕೈಹಾಕುತ್ತಾಳೆ. ಆದ್ದರಿಂದ ಎರಡರಲ್ಲೂ ಗಾಳಿಯೇ ಇರಬೇಕು, ಎರಡೂ ತನ್ನ ಕೈಯಿಂದಲೇ ಹೋಗಬೇಕು.

ಗಾಳಿ ತುಂಬಿಸುವ ಯಂತ್ರಕ್ಕೆ ಎಲ್ಲೂ ಅಲೆಯಬೇಕಿರಲಿಲ್ಲ. ಅಪಘಾತವಾದಾಗ ಒಳನುಗ್ಗುವ ರಕ್ಷಣಾ ತಂಡ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳನ್ನು ತುಂಬಿಸಲೆಂದು ತಂದ ಕಂಪ್ರೆಸರ್ ಒಂದು ಸುರಕ್ಷತಾ ವಿಭಾಗದ ಉಗ್ರಾಣದಲ್ಲೇ ಕೂತಿತ್ತು. ರಕ್ಷಣಾ ತಂಡ ಎಂಬುದು ಕಾಗದದ ಮೇಲೆ ಮಾತ್ರ ಇದ್ದುದರಿಂದ ಅದರ ಕಡೆಗೆ ಯಾರೂ ತಲೆಹಾಕುತ್ತಿರಲಿಲ್ಲ, ಅದರ ಫಿಲ್ಟರ್ ಬದಲಾಯಿಸಿದವರೂ ಇರಲಿಲ್ಲ. ಉಗ್ರಾಣ ಗಿರಣಿಗಳ ಷೆಡ್ಡಿನ ಹಿಂಗೋಡೆಗೆ ಅಂಟಿಕೊಂಡಿತ್ತು. ಕಂಪ್ರೆಸರ್ ಶುರುವಾದರೆ ಸದ್ದು ಜೋರು. ರಜೆಯ ದಿನವಾದರೆ ಗೇಟಿನವರೆಗೂ ಕೇಳೀತು. ಆದ್ದರಿಂದ ಅವನು ಕೆಲಸದ ದಿನವನ್ನೇ ಆರಿಸಿದ. ಮಧ್ಯಾಹ್ನದ ಊಟಕ್ಕೆ ಮೇಲಿನವರೆಲ್ಲ ಎದ್ದುಹೋಗಿ, ಮೂರೂ ಗಿರಣಿಗಳು ಪೂರ್ತಿ ವೇಗದಲ್ಲಿ ಓಡುತ್ತಿರುವ ಹೊತ್ತನ್ನು. ಆ ಅಬ್ಬರದಲ್ಲಿ ಪಕ್ಕದಲ್ಲಿ ಗುಂಡು ಹಾರಿಸಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹದಿನಾಲ್ಕನೇ ತಾರೀಖು ಮೊದಲನೆಯದನ್ನು ತುಂಬಿಸಿದ, ಹದಿನೈದಕ್ಕೆ ಎರಡನೆಯದನ್ನು. ಷೆಡ್ಡಿನ ಬಾಗಿಲು ದಾಟುವಾಗ ಅಭ್ಯಾಸದಂತೆ ತನ್ನ ಮುಖವಾಡ ಏರಿಸಿಕೊಂಡ. ವಿದೇಶದಿಂದ ತರಿಸಿದ, ಎರಡು ಕೆನ್ನೆಗೂ ಡಬ್ಬಿಯಿರುವ ಮುಖವಾಡ. ಉಗ್ರಾಣದ ಬಾಗಿಲು ಹಾಕಿಕೊಂಡು, ಖಾಲಿ ಆಕ್ಸಿಜನ್ ಸಿಲಿಂಡರನ್ನು ಜೋಡಿಸಿ, ಒತ್ತಡ ತೋರಿಸುವ ಮುಳ್ಳು ಮೇಲೇರುವುದನ್ನು ನೋಡುತ್ತ ನಿಂತ. ಮುಳ್ಳಿಗೆ ಎಷ್ಟು ಎಂಬುದು ಗೊತ್ತು, ಏನು ಎಂಬುದು ಗೊತ್ತಿಲ್ಲ. ಅದು ಹಸಿರು ಪಟ್ಟಿ ಮುಟ್ಟಿ ನಿಂತಾಗ ಅವನು ಸಿಲಿಂಡರಿನ ಕತ್ತಿಗೆ ಹೊಸ ಮೊಹರು ಬಿಗಿದ, ಬಟ್ಟೆಯಿಂದ ಇಡೀ ಮೈ ಒರೆಸಿದ. ಕಾರ್ಖಾನೆಗೆ ಬರುತ್ತಿದ್ದ ಅಸಲಿ ಆಕ್ಸಿಜನ್ ಸಿಲಿಂಡರುಗಳ ಪಕ್ಕ ನಿಲ್ಲಿಸಿದರೆ ಅವನಿಗೇ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ. ಹಾಗೆ ನಿಲ್ಲಿಸಿಯೂ ನೋಡಿದ. ಸಮಾಧಾನವಾಯಿತು.

ದಿನವನ್ನೂ ಅವನು ತೂಗಿಯೇ ಆರಿಸಿದ್ದ. ವಿಚಾರಣೆಯ ಹಿಂದಿನ ದಿನ ಸತ್ತರೆ ಜನ ಬಾಯಿಗೆ ಬಂದಂತೆ ಆಡಿಕೊಂಡಾರು. ತೀರಾ ಮುಂಚೆ ಆದರೆ ಆ ಹೆಂಗಸು ಬೇರೆ ದಾರಿ ಹುಡುಕಿಯಾಳು. ಐದು ದಿನ ಹದವಾದ ಅಂತರ. ಹದಿನಾರನೇ ತಾರೀಖು ಬೆಳಗ್ಗೆ ಹೊರಡುವಾಗ ಅವನ ಹೆಂಡತಿ, ರೋಗಿಯ ಮನೆಗೆ ಬರಿಗೈಯಲ್ಲಿ ಹೋಗುವುದೇ ಎಂದು ನಾಲ್ಕು ಕಿತ್ತಳೆ ಹಣ್ಣು ಚೀಲಕ್ಕೆ ಹಾಕಿಕೊಟ್ಟಳು. ಪಾಪ, ಎಷ್ಟು ದಿನ ಇರ್ತಾರೋ ಎಂದಳು. ಅದನ್ನೇ ನಾನೂ ಯೋಚಿಸ್ತಿದ್ದೆ ಎಂದ.

ಸೈರನ್ನಿನ ಮನೆ ಸಾಲಿನಲ್ಲಿ ಮೂರನೆಯದು. ಒಂದು ಕೋಣೆ, ಅದರ ಹಿಂದೆ ಅಡಿಗೆಗೊಂದು ಮೂಲೆ. ಕಿಟಕಿಯ ಸರಳಿಗೆ ಒದ್ದೆ ಬಟ್ಟೆ ಕಟ್ಟಿದ್ದರು, ಧೂಳು ತಡೆಯಲಿ ಎಂದು. ಕಂಪನಿ ಜೀಪಿನ ಚಾಲಕ ಎರಡೂ ಸಿಲಿಂಡರುಗಳನ್ನು ಉರುಳಿಸಿಕೊಂಡು ಬಂದು ಮಂಚದ ತಲೆಯ ಕಡೆ ನಿಲ್ಲಿಸಿದ, ಹಳೆಯದನ್ನು ಎತ್ತಿಕೊಂಡು ಹೋಗಲು ಬಾಗಿಲಾಚೆ ಕಾದ. ಅಧಿಕಾರಿ ಮಾತ್ರ ಒಳಗೆ ಬಂದ ಮೇಲೆ ಯಾವುದಕ್ಕೂ ಕೈ ತಾಗಿಸಲಿಲ್ಲ. ಇದೂ ಉಪಾಯದ ಭಾಗವೇ. ಸಿಲಿಂಡರ್ ಬದಲಾಯಿಸುವುದನ್ನು ಸೈರನ್ನಿನ ಹೆಂಡತಿ ಏಳು ತಿಂಗಳಲ್ಲಿ ದಾದಿಯರಷ್ಟೇ ಚೆನ್ನಾಗಿ ಕಲಿತಿದ್ದಳು. ಈ ಸಲವೂ ಅವಳೇ ಬದಲಾಯಿಸಲಿ. ಕೀಲಿ ತಿರುಗಿಸುವ ಕೈ ಅವಳದಾಗಿರಲಿ.

"ಹಳೇದು ಮುಗೀತಾ ಬಂದಿತ್ತು ಅಣ್ಣಾ, ಸರಿಯಾದ ಹೊತ್ತಿಗೆ ಬಂದ್ರಿ" ಎಂದಳು ಅವಳು. ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

ಅವಳು ಸಿಲಿಂಡರಿನ ಹತ್ತಿರ ಕೂತು ಏನೇನೋ ಬಿಚ್ಚಿ ಜೋಡಿಸುತ್ತಿದ್ದಾಗ ಅವನು ಬೇಕೆಂದೇ ಅತ್ತ ನೋಡಲಿಲ್ಲ. ಅವನು ಸೈರನ್ನಿನ ಮುಖ ನೋಡುತ್ತ ಕೂತ. ಸೈರನ್ ಹಣ್ಣು ನೋಡಿ ನಕ್ಕ. ಸುಲಿಯೋಕೆ ಉಸಿರು ಸಾಲದು, ಸುಲಿದು ಕೊಟ್ಟರೆ ಅಗಿಯೋಕೆ ಉಸಿರು ಸಾಲದು, ಸಾಹೇಬರು ತಂದ ಹಣ್ಣನ್ನ ಮೂಸಿ ನೋಡ್ತೀನಿ ಎಂದು, ಅಷ್ಟು ಹೇಳುವುದಕ್ಕೇ ನಾಲ್ಕು ಸಲ ನಿಂತ. ಆಮೇಲೆ ಇಪ್ಪತ್ತೊಂದನೇ ತಾರೀಖಿನ ಮಾತು ತಾನೇ ಎತ್ತಿದ. ಆ ಅಮ್ಮ ಬಂದಾಗ ಸಾಹೇಬರೂ ಬರಬೇಕು, ಬೆನ್ನ ಹಿಂದೆ ಹೇಳಿದ ಹಾಗಾಗಬಾರದು ಎಂದ. ಖಂಡಿತ ಬರ್ತೀನಿ ಎಂದು ಅಧಿಕಾರಿ ಮಾತು ಕೊಟ್ಟ.

ಸಿಲಿಂಡರ್ ಶುರುವಾಯಿತು, ಚಾಲಕ ಹಳೆಯದನ್ನು ಹೊರಗೆ ಒಯ್ದ. ಅವನು ಚಹಾ ಮುಗಿಯುವವರೆಗೂ ಕೂರಬೇಕೆಂದು ಮೊದಲೇ ನಿಶ್ಚಯಿಸಿದ್ದ. ತಕ್ಷಣ ಎದ್ದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಚಹಾ ಅರ್ಧವಾಗುವಷ್ಟರಲ್ಲಿ ಸೈರನ್ನಿನ ಕತ್ತಿನ ನರಗಳು ಎದ್ದು ಕಾಣತೊಡಗಿದವು. ಪ್ರತಿ ಉಸಿರಿಗೂ ಹೆಗಲು ಮೇಲೆದ್ದು ಬೀಳುತ್ತಿತ್ತು. ಉಗುರುಗಳ ಬಣ್ಣ ಮೆಲ್ಲಗೆ ತಿರುಗುತ್ತಿತ್ತು. ಅವನು ಕೊಳವೆಯನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡು ಅಧಿಕಾರಿಯ ಕಡೆ ನೋಡಿದ.

"ಸಾಹೇಬ್ರೆ... ಗಾಳಿ... ಸಾಲ್ತಿಲ್ಲ."

"ಹೊಸ ಸಿಲಿಂಡರ್ ಅಲ್ವಾ, ಸ್ವಲ್ಪ ಹೊತ್ತು ಬೇಕು" ಎಂದು ಅಧಿಕಾರಿ ಅವನ ಕೈ ತಟ್ಟಿದ. ಹೆಂಡತಿಯ ಕಡೆ ತಿರುಗಿ, ಬೇಕಾದರೆ ಇನ್ನೂ ಸ್ವಲ್ಪ ಜಾಸ್ತಿ ಬಿಡು ತಾಯಿ, ಧಾರಾಳವಾಗಿ ಬಿಡು, ಕಂಪನಿ ಇದಕ್ಕೆಲ್ಲ ಹಿಂದೆಮುಂದೆ ನೋಡೋದಿಲ್ಲ ಎಂದ. ಅವಳು ಜಾಸ್ತಿ ಬಿಟ್ಟಳು. ಅಧಿಕಾರಿ ಚಹಾದ ಕೊನೆಯ ಗುಟುಕು ಕುಡಿದು, ಲೋಟವನ್ನು ತಾನೇ ಅಡಿಗೆಮೂಲೆಗೆ ಇಟ್ಟು ಬಂದ. ಬಾಗಿಲಲ್ಲಿ ನಿಂತು, ಏನಾದರೂ ತೊಂದರೆಯಾದರೆ ಎರಡನೆಯದು ಇದ್ದೇ ಇದೆಯಲ್ಲ ಎಂದು ನೆನಪಿಸಿದ.

ಉಳಿದದ್ದೆಲ್ಲ ಅವನಿಗೆ ಚಾಲಕನ ಬಾಯಿಂದ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಎರಡನೆಯ ಸಿಲಿಂಡರ್ ಜೋಡಿಸಿದಳಂತೆ. ಅದು ಶುರುವಾದ ಕೂಡಲೇ, ಇದು ಸರಿಹೋಗುತ್ತೆ ನೋಡಿ, ಇದು ಸರಿಹೋಗುತ್ತೆ ಎಂದು ಗಂಡನ ಬೆನ್ನು ಸವರಿದಳಂತೆ. ಅಕ್ಕಪಕ್ಕದವರು ಬಂದರು, ರಟ್ಟು ಹಿಡಿದು ಗಾಳಿ ಹಾಕಿದರು, ಕಿಟಕಿಯ ಒದ್ದೆ ಬಟ್ಟೆ ಕಿತ್ತರು. ಒಬ್ಬ ಸೈಕಲ್ ಹತ್ತಿ ವೈದ್ಯರಿಗೆ ಓಡಿದ. ಸೈರನ್ ಕೊನೆಯ ಒಂದು ಗಂಟೆ ಬಾಯಿ ತೆರೆದೇ ಇದ್ದನಂತೆ, ಕೂಗುವವನ ಹಾಗೆ, ಸದ್ದು ಮಾತ್ರ ಇರಲಿಲ್ಲ. ನಾಲ್ಕು ಗಂಟೆಗೆ ಮುಗಿಯಿತು. ವೈದ್ಯರು ಬಂದು, ಕೂರದೆ ನಿಂತೇ, ಶ್ವಾಸಕೋಶದ ಕಾಯಿಲೆ ಎಂದು ಬರೆದುಕೊಟ್ಟು ಹೋದರು. ಅವರ ಮಟ್ಟಿಗೆ ಅದು ನಿಜವೂ ಆಗಿತ್ತು.

ಅಧಿಕಾರಿ ಮರುದಿನ ಬೆಳಗ್ಗೆ ಹೋಗಿ, ಹೆಣ ಎತ್ತುವಾಗ ಒಂದು ಮೂಲೆಗೆ ಹೆಗಲು ಕೊಟ್ಟ. ಅಷ್ಟು ದಪ್ಪವಿದ್ದ ಮನುಷ್ಯ ಈಗ ಎಷ್ಟು ಹಗುರ ಎಂದು ಪಕ್ಕದವನ ಹತ್ತಿರ ಹೇಳಿದ. ಕಾರ್ಖಾನೆಯಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಗಿರಣಿಗಳನ್ನು ನಿಲ್ಲಿಸಲಿಲ್ಲವಾದ್ದರಿಂದ ಮೌನ ಯಾರಿಗೂ ಕೇಳಿಸಲಿಲ್ಲ. ಮಧ್ಯಾಹ್ನ ಚಾಲಕನ ಜೊತೆ ಮತ್ತೆ ಮನೆಗೆ ಹೋಗಿ ಎರಡೂ ಸಿಲಿಂಡರುಗಳನ್ನು ಹೇರಿಸಿಕೊಂಡು ಬಂದ. ಯಾರೂ ಯಾಕೆ ಎಂದು ಕೇಳಲಿಲ್ಲ. ಸಿಲಿಂಡರ್ ಕಂಪನಿಯದು. ಕೊಳವೆ, ಸಣ್ಣಪುಟ್ಟ ಸಾಮಾನು ಆಸ್ಪತ್ರೆಯವರು ಅವಳಿಗೆ ಕೊಟ್ಟದ್ದು. ಅದನ್ನು ಮುಟ್ಟಲು ಅವನಿಗೆ ಹಕ್ಕೂ ಇರಲಿಲ್ಲ, ಆಸೆಯೂ ಇರಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ ನಿಂತು ಎರಡರ ಬಾಯನ್ನೂ ಪೂರ್ತಿ ತೆರೆದ. ಉಳಿದಿದ್ದ ಗಾಳಿ ಉಸ್ಸೆಂದು ಗಾಳಿಗೆ ಸೇರಿತು. ಅಲ್ಲಿಗೆ ಕೊಲೆಯ ಆಯುಧ ಇಡೀ ಆಕಾಶದಲ್ಲಿ ಕರಗಿಹೋಯಿತು. ಮೊಹರಿನ ಚೂರುಗಳನ್ನು ಕಸದ ಬೆಂಕಿಗೆ ಹಾಕಿದ. ಸಂಜೆ ಸಿಲಿಂಡರುಗಳು ಆಕ್ಸಿಜನ್ ತುಂಬಿಸಿಕೊಳ್ಳಲು ಲಾರಿ ಹತ್ತಿದವು.

ಆಮೇಲಿನ ಮೂರು ದಿನ ಅವನು ಬಹಳ ಚೆನ್ನಾಗಿ ನಿದ್ದೆ ಮಾಡಿದ. ಹೂಕುಂಡಗಳ ಹಿಂದಿನ ಮೊಳೆಯನ್ನು ಕೀಳಿಸಿ, ತೂತಿಗೆ ಸುಣ್ಣ ಮೆತ್ತಿಸಿದ. ಯಂತ್ರ ಎಲ್ಲಿ ತೂಗಾಡುತ್ತಿತ್ತು ಎಂಬ ಪ್ರಶ್ನೆಗೆ ಈಗ ಉತ್ತರ ಅವನೊಬ್ಬನ ಬಳಿ ಮಾತ್ರ ಇತ್ತು. ಯಜಮಾನರು ಓಣಿಯಲ್ಲಿ ಎದುರಾದಾಗ ಏನೂ ಕೇಳದೆ ಅವನ ಭುಜ ಮುಟ್ಟಿದರು. ಇಷ್ಟು ಸಣ್ಣ ಊರಿನಲ್ಲಿ, ಇಷ್ಟು ಬುದ್ಧಿಯನ್ನು ಯಾರಿಗೂ ತೋರಿಸಿಕೊಳ್ಳಲಾಗದಲ್ಲ ಎಂಬುದೊಂದೇ ಅವನ ಕೊರಗು.

ಇಪ್ಪತ್ತೊಂದಕ್ಕೆ ವಿಚಾರಣಾಧಿಕಾರಿ ಬರುತ್ತಾಳೆ ಎಂದು ಅವನು ಎಣಿಸಿರಲಿಲ್ಲ. ಸಾಕ್ಷಿಯೇ ಸತ್ತಮೇಲೆ ಬಂದು ಮಾಡುವುದೇನು? ಆದರೆ ಬರುವ ಕಾರ್ಯಕ್ರಮ ರದ್ದಾಗಿಲ್ಲ, ಕಂಪನಿಯ ಪರವಾಗಿ ಯಾರಾದರೂ ಹಾಜರಿರಬೇಕು ಎಂದು ಹಿಂದಿನ ದಿನ ಕಚೇರಿಯಿಂದ ಫೋನ್ ಬಂತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದ. ಸತ್ತವನಿಗೆ ಮಾತು ಕೊಟ್ಟಿದ್ದ ಕೂಡ.

ಕೋಣೆಯಲ್ಲಿ ಮಂಚ ಮಡಿಸಿಟ್ಟಿದ್ದರು. ವಿಚಾರಣಾಧಿಕಾರಿ ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದಳು, ಅವಳ ಗುಮಾಸ್ತ ಹೊಸ್ತಿಲ ಹತ್ತಿರ ಬರೆಯಲು ಅಣಿಯಾಗಿ ಕೂತಿದ್ದ. ಅಧಿಕಾರಿ ಗೋಡೆಗೆ ಒರಗಿ ನಿಂತು, ಕಂಪನಿಗೆ ಆದ ದುಃಖವನ್ನು ನಾಲ್ಕು ಮಾತಿನಲ್ಲಿ ಹೇಳಿದ. ಕೊನೆಯ ದಿನದವರೆಗೂ ತಾವು ಆಕ್ಸಿಜನ್ ಪೂರೈಸಿದ್ದು, ಕೊನೆಯ ಎರಡು ಸಿಲಿಂಡರುಗಳನ್ನು ತಾನೇ ಖುದ್ದಾಗಿ ತಂದುಕೊಟ್ಟದ್ದು, ಎರಡೂ ದಾಖಲಾಗಲಿ ಎಂದ. ಗುಮಾಸ್ತ ಬರೆದುಕೊಂಡ. ವಿಚಾರಣಾಧಿಕಾರಿ ಸೈರನ್ನಿನ ಹೆಂಡತಿಯ ಕಡೆ ತಿರುಗಿ, ನಿಮಗೇನಾದರೂ ಹೇಳೋದಿದೆಯಾ ಎಂದು ಕೇಳಿದಳು. ಅವಳು ಎದ್ದು ಅಡಿಗೆಮೂಲೆಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದು ಏನನ್ನೋ ತಂದು, ಅಲುಗಾಡದಂತೆ ನೆಲದ ಮೇಲಿಟ್ಟಳು. ಅಂಗೈ ಅಗಲದ, ಮುಚ್ಚಳ ಬಿಗಿದ ಒಂದು ಪಾರದರ್ಶಕ ಬಾಟಲಿ, ಅರ್ಧ ನೀರು. ಇವತ್ತು ಅವಳು ಅಧಿಕಾರಿಯನ್ನು ಅಣ್ಣ ಎಂದು ಕರೆದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಸಿಲಿಂಡರಿನ ಗಾಳಿ ಸೀದಾ ಮೂಗಿಗೆ ಹೋಗುವುದಿಲ್ಲ, ಮೂಗು ಒಣಗಿ ರಕ್ತ ಬರುತ್ತದೆಂದು ಈ ಬಾಟಲಿಯ ನೀರಿನೊಳಗೆ ಗುಳ್ಳೆಯಾಗಿ ಎದ್ದು ಹೋಗುತ್ತದೆ ಎಂದು ಅವಳು ವಿಚಾರಣಾಧಿಕಾರಿಗೆ ವಿವರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ದಾದಿ ಹೇಳಿಕೊಟ್ಟಿದ್ದಳಂತೆ, ದಿನಾ ಬೆಳಗ್ಗೆ ನೀರು ಬದಲಾಯಿಸಬೇಕು ಎಂದು. ಏಳು ತಿಂಗಳು ಬದಲಾಯಿಸಿದ್ದಳು, ಹಾಕಿದ ನೀರೇ ಹಾಗೇ ತಿಳಿಯಾಗಿ ಹೊರಗೆ ಬರುತ್ತಿತ್ತು. ಹದಿನಾರರ ನೀರನ್ನು ಮಾತ್ರ ಚೆಲ್ಲಿರಲಿಲ್ಲ. ಅವತ್ತು ಹಾಲುಹಾಲಾಗಿ ಕಂಡಿತ್ತು, ಆದರೆ ಬಾಟಲಿ ನೋಡುವ ಹೊತ್ತು ಅದಾಗಿರಲಿಲ್ಲ. ನಿನ್ನೆ ಆಸ್ಪತ್ರೆಗೆ ವಾಪಸ್ ಕೊಡಲೆಂದು ತೊಳೆಯಲು ಎತ್ತಿಕೊಂಡಾಗ ಅಡಿಯಲ್ಲಿ ಇದು ಕೂತಿತ್ತು. ವಿಚಾರಣಾಧಿಕಾರಿ ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ಉಗುರಿನ ದಪ್ಪಕ್ಕೆ ನುಣ್ಣನೆಯ ಬಿಳಿ ಕೆಸರು. "ಮದುವೆಗೆ ಮುಂಚೆಯಿಂದ ಹತ್ತೊಂಬತ್ತು ವರ್ಷ ಇದೇ ಪುಡೀನ ಚೀಲಕ್ಕೆ ತುಂಬಿದೀನಿ ಅಮ್ಮಾ" ಎಂದಳು ಅವಳು, ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ. "ಇದೇನು ಅಂತ ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ." ಆಕ್ಸಿಜನ್ನಿನಲ್ಲಿ ಕಲ್ಲಿನ ಪುಡಿ ಇರುವುದಿಲ್ಲ, ಅದು ಇರುವುದು ಒಂದೇ ಒಂದು ಕಡೆಯ ಗಾಳಿಯಲ್ಲಿ. ಬರಿಗಣ್ಣಿಗೆ ಕಾಣದ ಧೂಳೇ ಎದೆಗೆ ಇಳಿಯುವ ಧೂಳು ಎಂದು ಪ್ರತಿ ವರ್ಷ ಹೊಸ ಕೆಲಸಗಾರರಿಗೆ ಪಾಠ ಹೇಳುತ್ತಿದ್ದವನು ಕಣ್ಣಿಗೆ ಏನೂ ಕಾಣಲಿಲ್ಲವೆಂದು ಅದನ್ನು ಶುದ್ಧ ಗಾಳಿ ಎಂದುಕೊಂಡಿದ್ದ. ವಿಚಾರಣಾಧಿಕಾರಿ ಗುಮಾಸ್ತನಿಗೆ ಬಾಟಲಿಯನ್ನು ಕಟ್ಟಿ ಮೊಹರು ಮಾಡಲು ಹೇಳಿ, ಮೊದಲ ಸಲ ಅಧಿಕಾರಿಯನ್ನು ನೇರವಾಗಿ ನೋಡಿದಳು. "ನೀವು ತಂದ ಸಿಲಿಂಡರುಗಳನ್ನ ಎಲ್ಲಿ ತುಂಬಿಸಿದ್ರಿ?" ಅವನು ಬಾಯಿ ತೆರೆದ. ಮೂರೂ ಗಿರಣಿಗಳು ಓಡುತ್ತಿದ್ದ ಹೊತ್ತನ್ನೇ ಆರಿಸಿ, ಷೆಡ್ಡಿನ ಗೋಡೆಗಂಟಿದ ಕೋಣೆಯಲ್ಲಿ ನಿಂತು, ಹನ್ನೊಂದು ವರ್ಷ ಯಾರಿಗೂ ತೋರಿಸದ ಗಾಳಿಯನ್ನು ಅವನೇ ಎರಡು ಸಿಲಿಂಡರ್ ತುಂಬ ಅಳೆದು, ಮೊಹರು ಹಾಕಿ, ಈ ಮನೆಗೆ ತಲುಪಿಸಿದ್ದ.